ಇಣಚಿಗೆ ಹಾಕಿದ ಹೊಸ ಟೈರು

ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಹಿಂದ ಮೂವತ್ತು ವರ್ಷದಿಂದ ಪಂಕ್ಚರ್ ಹಾಕೋ ನೂರಸಾಬರು ನಮ್ಮ ಪಕ್ಕದ ಮನಿಯವರು. ನಾನು ಪಾಲಮ್ಮ, ಅಲ್ಲೇ ಮಿರ್ಚಿ ಕರೀತೀನಿ. ಈ ಮನುಷ್ಯಾಗ ಒಂದು ರೋಗ ಐತಿ ನೋಡ್ರಿ. ಯಾರ ಗಾಡಿ ಬರಲಿ, ಮೊದಲು ಟೈರು ಸವರಿ, "ಬೋಳಾಗೈತಿ, ಗ್ರಿಪ್ಪಿಲ್ಲ, ಜಾರಿ ಬೀಳ್ತೀರಿ" ಅಂತಾರ. ನನ್ನ ಚಪ್ಪಲಿ ತಿರುವಿ ನೋಡಿನೂ ಹಂಗೇ ಅಂದಾರ. ಮೈ ಉರೀತೈತಿ ನನಗ.

ಹೋದ ಬ್ಯಾಸಿಗಿಯಾಗ, ಟ್ಯೂಬ್ ಮುಳುಗಿಸಿ ಗುಳ್ಳಿ ನೋಡ್ತಿದ್ದ ಹಳೇ ಸಿಮೆಂಟ್ ತೊಟ್ಟಿ ತಂದು ಹಿತ್ತಲದಾಗ ಇಟ್ರು. ಚಿಗಟೇರಿಯಿಂದ ಯಾರೋ ಕೊಟ್ಟ ತಾವರಿ ಗಡ್ಡಿ ನೆಟ್ರು. ಹೂವೂ ಬಿಡ್ತು. ದಿನಾ ಮುಂಜಾನೆ ಹಲ್ಲುಜ್ಜಿಕೋತ ಅದರ ಮುಂದ ನಿಂತೇ ಇರೋರು.

ಒಂದಿನ ಅದರಾಗ ಇಣಚಿ ಸತ್ತು ತೇಲಿತ್ತು. ಸಾಲ್ಯಾಗ ಅಳಿಲು ಅಂತಾರಲ್ಲ, ಅದು. ಸಾಬರ ಹೆಂಡ್ತಿ ಅಜೀಜಬಿ ಅದಕ್ಕ ದಿನಾ ಶೇಂಗಾ ಹಾಕ್ತಿದ್ಲು. ನೀರು ಕುಡಿಯಾಕ ಬಗ್ಗಿ ಬಿದ್ದೈತಿ, ನುಣ್ಣನ ತೊಟ್ಟಿ ಹತ್ತಾಕ ಬಂದಿಲ್ಲ. ಪಾಪ, ಆಕಿ ಅತ್ತಿದ್ದೇ ಅತ್ತಿದ್ದು.

"ಇನ್ನೊಂದು ಮರಿ ಐತಿ. ಅದೂ ಇಲ್ಲೇ ಕುಡೀತೈತಿ. ಐತಾರದೊಳಗ ಏನಾರ ಮಾಡ್ರಿ, ಇಲ್ಲಾಂದ್ರ ತೊಟ್ಟಿಗೆ ಮಣ್ಣು ತುಂಬ್ತೀನಿ" ಅಂದ್ಲು.

ಸಾಬರು ಹಲಗಿ ಇಟ್ರು, ತೇಲಿತು. ನೆಲಕ್ಕ ಹಾಸೋ ಫರಸಿ ಕಲ್ಲು ಇಟ್ರು, ಒದ್ದೆ ಬೆರಳಿಂದ ಸವರಿ "ಗ್ರಿಪ್ಪಿಲ್ಲ" ಅಂದ್ರು.

"ಅಯ್ಯ ಸಾಬ್ರ, ಇಣಚಿ ಏನು ಗಾಡಿ ಹೊಡ್ಕೊಂಡು ಕೊಟ್ಟೂರಿಗೆ ಹೊಂಟೈತೇನ್ರಿ?" ಅಂದೆ.

"ನಗಬ್ಯಾಡ ಪಾಲಮ್ಮ. ಜೀವದ ಮಾತು."

ಶನಿವಾರ ಅಂಗಡಿಯಾಗ ಹಳೇ ಟೈರು ಹುಡುಕಿದ್ರು, ಕೊಯ್ದು ಹಾಸಾಕ. ಎಲ್ಲಾ ಬೋಳು. ಬೋಳಾಗಿದ್ದಕ್ಕೇ ಅಲ್ಲೇನ್ರಿ ಜನ ಬಿಚ್ಚಿ ಒಗೆದು ಹೋಗಿದ್ದು!

ಐತಾರ ಅಜೀಜಬಿ ಹೊಸ ಸೀರಿ ಉಟ್ಟು, ಹಗರಿಬೊಮ್ಮನಹಳ್ಳಿಗೆ ತಂಗಿ ಮನಿಗೆ ಅಂತ ಹೊರಗ ಬಂದ್ರ, ಸಾಬರ ಸ್ಕೂಟರ್ ಇಟ್ಟಿಗಿ ಮ್ಯಾಲ ಕುಂತೈತಿ. ಹಿಂದಿನ ಗಾಲಿಗೆ ಟೈರೇ ಇಲ್ಲ. ಹೋದ ವಾರ ಹಾಕಿದ ಹೊಸ ಟೈರು! ಹಿತ್ತಲದಾಗ ನೋಡಿದ್ರ ಅದನ್ನ ಪಟ್ಟಿ ಕೊಯ್ದು, ಒಂದು ತುದಿ ನೀರೊಳಗ ಬಿಟ್ಟು ಕಲ್ಲು ಹೇರಿ, ಇನ್ನೊಂದು ತುದಿ ತೊಟ್ಟಿ ಅಂಚಿಗೆ ಬಿಗಿದಾರ.

"ಹುಚ್ಚು ಹಿಡದೈತೇನ್ರಿ ನಿಮಗ?" ಆಕಿ ದನಿಗೆ ನಾನು ಹಿಟ್ಟಿನ ಕೈಯಾಗ ಓಡಿ ಬಂದೆ. ತೊಟ್ಟಿ ಪಕ್ಕದ ಗ್ವಾಡಿ ಮ್ಯಾಲಿದ್ದ ಮರಿನೂ ಹೆದರಿ ಬುಳಕ್ಕನ ತೊಟ್ಟಿಗೆ ಬಿತ್ತು.

ಸಾಬರು ಕೈ ಹಾಕಾಕ ಓಡಿದ್ರು. ಅಷ್ಟರಾಗ ಮರಿ ತೊಟ್ಟಿ ಗ್ವಾಡಿಗೆ ಎರಡು ಸಲ ಜಾರಿ, ಟೈರಿಗೆ ಉಗುರು ಹಾಕಿ, ಚಕಚಕ ಹತ್ತಿ ಬಂದು ಅಂಚಿನ ಮ್ಯಾಲ ಮೈ ಝಾಡಿಸಿತು.

"ಗ್ರಿಪ್ ಐತಿ" ಅಂದ್ರು ಸಾಬರು. ಕಣ್ಣಾಗ ನೀರು.

ನನ್ನ ಬಾಯಿ ಸುಮ್ನಿರತೈತೇನು? "ಒಂದು ಗೋಣಿಚೀಲ ಇಳಿಬಿಟ್ಟಿದ್ರ ಸಾಕಿತ್ತಲ್ರಿ" ಅಂದೆ.

ಸಾಬರು ನನ್ನ ನೋಡಿದ್ರು, ಕೊಯ್ದ ಟೈರು ನೋಡಿದ್ರು. ಅಜೀಜಬಿ ಸೆರಗಿಲೆ ಕಣ್ಣೊರೆಸಿಕೊಂಡು, ತಂಗಿಗೆ ಕಟ್ಟಿದ್ದ ಶೇಂಗಾ ಗಂಟು ಬಿಚ್ಚಿ ಒಂದು ಹಿಡಿ ಅಂಚಿಗೆ ಹಾಕಿದ್ಲು.

"ಸುಮ್ನಿರು ಪಾಲಮ್ಮ, ಚೊಲೋ ಟೈರದು" ಅಂದ್ಲು. "ನಡೀರಿ, ಬಸ್ಸಿಗೆ ಹೋಗೋಣು."