ಕಿರುಬೆರಳಿನ ಆಸರೆ

ರೋಮಿನ ಆ ಶಿಲ್ಪಶಾಲೆಯಲ್ಲಿ ಓರ್ಸೋ ಮೂವತ್ತು ವರ್ಷ ಮಾಡಿದ್ದು ಒಂದೇ ಕೆಲಸ. ಮೂರ್ತಿಯ ಚಾಚಿದ ಬೆರಳು ಕೆತ್ತುವಾಗ ಮುರಿಯದಿರಲಿ ಅಂತ ಬೆರಳಿಗೂ ಮೂರ್ತಿ ಉಟ್ಟ ಬಟ್ಟೆಗೂ ನಡುವೆ ಕಡ್ಡಿಯಷ್ಟು ಕಲ್ಲು ಉಳಿಸಿರುತ್ತಾರೆ. ಉಜ್ಜಿ ಹೊಳಪು ಕೊಟ್ಟ ಮೇಲೆ, ಕಟ್ಟಕಡೆಗೆ, ಆ ಆಸರೆ ಕುಯ್ಯುವವನು ಓರ್ಸೋ. ಹೆಸರು ಯಜಮಾನ ಫಬ್ರೀಜಿಯೋನದು, ಎದೆ ಡವಡವ ಮಾತ್ರ ಇವನದು.

ಓರ್ಸೋನ ಅಪ್ಪನ ಕಾಲದ ಮೂರ್ತಿಗಳೇ ವಾಸಿ. ಉದ್ದ ಕತ್ತು, ಪುಟ್ಟ ತಲೆ, ಮೈಯೆಲ್ಲ ತಿರುಚಿಕೊಂಡರೂ ಕೈ ಮೈಗಂಟಿಕೊಂಡೇ ಇರುತ್ತಿತ್ತು. ಈಗ ನೋಡಿ! ಕೂದಲು ಹಾರಬೇಕು, ಬಾಯಿ ಕೂಗಬೇಕು, ಕಲ್ಲಿನ ಬಟ್ಟೆ ಗಾಳಿಗೆ ಉಬ್ಬಬೇಕು. ಹಾರಿಸುವವರು ಹಾರಿಸಿಬಿಡುತ್ತಾರೆ, ಮುರಿಯದಂತೆ ಕಾಯುವ ಕರ್ಮ ಯಾರದು?

ಇವತ್ತು ಮಧ್ಯಾಹ್ನದ ಗಂಟೆ ಹೊಡೆಯುವಷ್ಟರಲ್ಲಿ ಮೂರ್ತಿ ಮಾಡಿಸುತ್ತಿದ್ದ ಕಾರ್ಡಿನಲ್‌ರ ಪಾರುಪತ್ಯಗಾರ ದೇವದೂತನ ಮೂರ್ತಿಯನ್ನು ನೋಡಲು ಬರುವವನಿದ್ದ. ಎರಡು ಆಸರೆ ಉಳಿದಿದ್ದವು: ಉಂಗುರಬೆರಳಿಗೊಂದು, ಕಿರುಬೆರಳಿಗೊಂದು. ಮುರಿದು ಅಂಟಿಸಿದ ಬೆರಳಿದ್ದರೆ ಮೂರ್ತಿ ಬೇಡವೇ ಬೇಡ ಅಂದಿದ್ದರು ಕಾರ್ಡಿನಲ್. ಓರ್ಸೋನ ಬಲಗೈಯೋ, ಹೋದ ಚಳಿಗಾಲದಿಂದಲೂ ನಡುಗುತ್ತಿತ್ತು. ಗೊತ್ತಿದ್ದದ್ದು ಹೆಂಡತಿ ಎರ್ಸಿಲಿಯಾಗೆ ಮಾತ್ರ. ಅವಳು ಅಲ್ಲೇ ಕಲ್ಲು ಉಜ್ಜುವವಳು.

"ಯಜಮಾನರಿಗೆ ಹೇಳಿಬಿಡು ಮಾರಾಯ."

"ಹೇಳಿ? ಬೀದಿಲಿ ಕೂರ್ಲಾ? ಸುಮ್ನೆ ಬೆರಳಿನ ಕೆಳಗೆ ಕೈ ಕೊಡೇ."

ಅವಳು ಅಂಗೈ ಒಡ್ಡಿ ಮೂರ್ತಿಯ ಉಂಗುರಬೆರಳನ್ನು ಹಿಡಿದಳು. ಓರ್ಸೋ ಉಸಿರು ಕಟ್ಟಿ ಸಣ್ಣ ಗರಗಸ ಎಳೆದ. ಒಂದೆಳೆತ, ಎರಡು, ಮೂರು. ಕೈ ನಡುಗಿತು. ಗರಗಸ ಜಾರಿ ಎರ್ಸಿಲಿಯಾಳ ಅಂಗೈ ಸೀಳಿತು.

ಅವಳು ತುಟಿ ಕಚ್ಚಿದಳೇ ಹೊರತು ಕೈ ತೆಗೆಯಲಿಲ್ಲ. ತೆಗೆದರೆ ಬೆರಳು ಹೋಯಿತು. "ಕುಯ್ಯಿ," ಅಂದಳು. ಇನ್ನೊಂದು ಕೈಯಿಂದ ಉಡಿಬಟ್ಟೆ ಒಡ್ಡಿ ರಕ್ತ ಹಿಡಿದಳು. ಬಿಳಿಕಲ್ಲು ಕಲೆ ಕುಡಿದರೆ ಬಿಡುವುದಿಲ್ಲ. ಓರ್ಸೋ ಅಳುತ್ತಲೇ ಕುಯ್ದ. ಉಂಗುರಬೆರಳು ಉಳಿಯಿತು.

ಅಷ್ಟರಲ್ಲಿ ಫಬ್ರೀಜಿಯೋ ಒಳಗೆ ಬಂದ. ರಕ್ತ ನೋಡಿ ಮುಖ ಕೆಂಪಾಯಿತು. "ಯಾರ ಕೈ ಅಲ್ಲಾಡಿದ್ದು?"

"ನಂದೇ," ಅಂದಳು ಎರ್ಸಿಲಿಯಾ.

"ಹಾಗಾದ್ರೆ ನಾಳೆಯಿಂದ ಇಲ್ಲಿಗೆ ಕಾಲಿಡಬೇಡ."

ಓರ್ಸೋ ಒಂದು ಗಳಿಗೆ ಸುಮ್ಮನಿದ್ದ. ಆ ಒಂದು ಗಳಿಗೆಗೆ ಅವನು ಸಾಯೋವರೆಗೂ ನಾಚಿದ. ಆಮೇಲೆ, "ನಡುಗಿದ್ದು ನನ್ನ ಕೈ ಯಜಮಾನ್ರೇ," ಅಂದು ಗರಗಸವನ್ನು ಫಬ್ರೀಜಿಯೋನ ಕೈಯಲ್ಲಿಟ್ಟ. "ಇನ್ನೊಂದು ಬಾಕಿ ಇದೆ. ನೀವೇ ಕುಯ್ಯಿರಿ."

ಯಜಮಾನ ಗರಗಸ ನೋಡಿದ, ಕಿರುಬೆರಳು ನೋಡಿದ. ಹೊರಗೆ ಗಂಟೆ ಹೊಡೆಯಿತು. ಅವನು ಗರಗಸ ಕೆಳಗಿಟ್ಟ.

ಪಾರುಪತ್ಯಗಾರ ಬಂದು ಮೂರ್ತಿಯನ್ನು ಸುತ್ತಿ, ಕಿರುಬೆರಳಿಗೆ ಉಳಿದ ಆಸರೆ ನೋಡಿ, "ಗಾಳಿಗೆ ಬಟ್ಟೆ ಬೆರಳಿಗೆ ಸಿಕ್ಕಿಕೊಂಡ ಹಾಗಿದೆ, ಎಂಥಾ ಕಲ್ಪನೆ!" ಅಂತ ಹೊಗಳಿ ಹೋದ. ಗಂಡಹೆಂಡಿರಿಬ್ಬರಿಗೂ ಅಂದೇ ಕೆಲಸ ಹೋಯಿತು.

ಆಮೇಲೆ ಓರ್ಸೋ ತರಕಾರಿ ಗಾಡಿ ತಳ್ಳಿದ. ಭಾನುವಾರ ಇಬ್ಬರೂ ಆ ಮೂರ್ತಿ ನಿಲ್ಲಿಸಿದ್ದ ಇಗರ್ಜಿಗೆ ಪ್ರಾರ್ಥನೆಗೆ ಹೋದಾಗ ಎರ್ಸಿಲಿಯಾ ಕತ್ತೆತ್ತಿ ಆ ಕಿರುಬೆರಳನ್ನು ನೋಡುತ್ತಿದ್ದಳು. ಆಸರೆ ಹಾಗೇ ಇರುತ್ತಿತ್ತು.

"ನಿನ್ನ ಕೈ ನಡುಗಿತು, ಬಿಡು," ಅನ್ನುತ್ತಿದ್ದಳು. "ಯಜಮಾನನ ಕೈ ಮೇಲೇ ಏಳಲಿಲ್ಲ."