ಅತ್ತೆಯ ಬಾಯಲ್ಲಿ ಉಳಿದ ಒಂದು ಸ್ಕ್ರೂ

ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದು ದೇವರ ಮುಖವಲ್ಲ, ಅತ್ತೆಯ ಬಾಯಿ. ಮೂರು ವರ್ಷದಿಂದ ಹೀಗೇ ನಡೆದಿದೆ. ಅವರನ್ನು ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂರಿಸುತ್ತೇನೆ, ಕುತ್ತಿಗೆಗೆ ಹಳೆಯ ಟವೆಲ್ ಸುತ್ತುತ್ತೇನೆ, "ಆ ಅನ್ರಿ" ಅನ್ನುತ್ತೇನೆ. ಅವರು ಅನ್ನುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕುತ್ತದೆ, ಹೊರಗೆ ಬ್ಲೌಸ್ ಕೇಳಲು ಬಂದವರು ಬಾಗಿಲು ಬಡಿಯುತ್ತಾರೆ. ಮೂಡಲಗಿಯಲ್ಲಿ ಹೊಲಿಗೆ ಮಾಡುವ ಹೆಂಗಸರು ಬೇಕಾದಷ್ಟಿದ್ದಾರೆ. ಹೊಲಿಗೆಗೆ ಕೂರುವ ಮೊದಲೇ ಸುಸ್ತಾಗುವವಳು ನಾನೊಬ್ಬಳೇ ಇರಬೇಕು.

ಅತ್ತೆಯ ಕೆಳದವಡೆಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಮೊದಲು ಕಟ್ಟಿಸಿದ ಸೆಟ್ಟು ರೊಟ್ಟಿ ಅಗಿಯುವಾಗ ಎದ್ದು ಬರುತ್ತಿತ್ತು. ಅದಕ್ಕೆ ಗೋಕಾಕದ ಹಲ್ಲಿನ ಡಾಕ್ಟರು ದವಡೆಯ ಎಲುಬಿನಲ್ಲಿ ಎರಡು ಸ್ಕ್ರೂ ಕೂರಿಸಿದರು. ಹಲ್ಲಿನ ಸೆಟ್ಟು ಅವುಗಳ ತಲೆಯ ಮೇಲೆ ಟಿಚ್ ಬಟನ್ನಿನ ಹಾಗೆ ಟಕ್ಕೆಂದು ಕೂರುತ್ತದೆ, ಬೇಕೆಂದಾಗ ಬಿಚ್ಚಿ ತೊಳೆಯಬಹುದು. ಗಾಯವೆಲ್ಲ ಮಾಗಿ, ಸೆಟ್ಟು ಕೂತ ದಿನ ಅತ್ತೆ ಜೋಳದ ರೊಟ್ಟಿ ಕಡಿದು ತಿಂದರು, ತಿನ್ನುತ್ತ ತಿನ್ನುತ್ತ ಕಣ್ಣೀರು ಹಾಕಿದರು. ಎಪ್ಪತ್ತನಾಲ್ಕು ವರ್ಷದ ಹೆಂಗಸು ಒಂದು ರೊಟ್ಟಿಗೆ ಅಳುವುದನ್ನು ನೋಡಿ ನನಗೂ ಕಣ್ಣು ತುಂಬಿತು.

ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಅವರು ಅಂದೇ ಎಚ್ಚರಿಸಿದ್ದರು: "ಇವಕ್ಕ ಹುಳ ಹತ್ತೂದಿಲ್ರಿ. ಆದ್ರ ಸುತ್ತಲಿನ ವಸಡ ಕೆಟ್ರ ಒಳಗಿನ ಎಲುಬ ಕರಗತೈತಿ, ಸ್ಕ್ರೂ ಸಡ್ಲ ಆಗ್ತೈತಿ. ನೋವು ಆಗೂದಿಲ್ಲ, ಹಂಗಾಗಿ ಗೊತ್ತಾಗೂದ ತಡ." ಮೆತ್ತನೆಯ ಬ್ರಷ್ಷಿನಿಂದ ಸ್ಕ್ರೂ ತಲೆ ಉಜ್ಜಬೇಕು. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಇನ್ನೊಂದನ್ನು ಬುಡದ ಸುತ್ತ ಆಡಿಸಬೇಕು. ಸಂಜೆ ಊಟವಾದ ಮೇಲೆ ಸೆಟ್ಟು ಬಿಚ್ಚಿ ತೊಳೆದು ನೀರಲ್ಲಿ ಇಡಬೇಕು, ಬಿಸಿನೀರು ಕೂಡದು. ಆರು ತಿಂಗಳಿಗೊಮ್ಮೆ ಗೋಕಾಕಕ್ಕೆ ಹೋಗಿ ತೋರಿಸಬೇಕು.

ಅತ್ತೆಗೆ ಕೈನಡುಕ. ನನ್ನ ಗಂಡನಿಗೆ ತಾಯಿಯ ಬೊಚ್ಚುಬಾಯಿ ಕಂಡರೆ ಓಕರಿಕೆ. ಕಂಡವರ ಹೊಲದಲ್ಲಿ ದಿನವಿಡೀ ಔಷಧಿ ಹೊಡೆಯುವ ಮನುಷ್ಯ, ಆ ವಾಸನೆಗೆ ಬರದ ಓಕರಿಕೆ ಇಲ್ಲಿ ಬರುತ್ತದೆ. ಹೀಗೆ ಕೆಲಸ ನನ್ನ ಪಾಲಿಗೆ ಬಂತು. ನಾನು ಮದುವೆಯಾಗಿ ಬಂದಂದಿನಿಂದ ಮೂವತ್ತು ವರ್ಷ ನನ್ನನ್ನು ಬೈದ ಬಾಯಿ ಅದು. ಸಾರಿಗೆ ಉಪ್ಪು ಹೆಚ್ಚಾದರೆ ನನ್ನ ತಪ್ಪು, ಎಮ್ಮೆ ಹಾಲು ಕೊಡದಿದ್ದರೂ ನನ್ನ ತಪ್ಪು. ಆ ಬಾಯೊಳಗೆ ದಿನಕ್ಕೆರಡು ಸಲ ಬೆರಳು ಹಾಕಿ ತೊಳೆಯುವುದು ನನಗೆ ಇಷ್ಟವಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಬಾಯಿ ತೆರೆಸುವುದೇ ದೊಡ್ಡ ಕೆಲಸವಾಗಿತ್ತು. ಕೊನೆಗೆ ಒಂದು ಉಪಾಯ ಸಿಕ್ಕಿತು, ಅದೇ ಮಿಶ್ರಿ. ತಂಬಾಕಿನ ಎಲೆಯನ್ನು ಹೆಂಚಿನ ಮೇಲೆ ಕರ್‍ರಗೆ ಹುರಿದು ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ವಸಡಿಗೆ ತಿಕ್ಕುತ್ತಾರೆ. ಅತ್ತೆಯ ತವರು ಹುಕ್ಕೇರಿ ತಾಲೂಕಿನ ಕಣಗಲಾ. ಅಲ್ಲಿಂದ ನಿಪ್ಪಾಣಿ ಹತ್ತಿರ, ತಂಬಾಕಿಗೆ ಬರವಿಲ್ಲ. ಆ ಕಡೆಯ ಹಳೇ ಹೆಂಗಸರಿಗೆ ಮಿಶ್ರಿ ತಿಕ್ಕದೆ ಬೆಳಗಾಗುವುದಿಲ್ಲ, ಹೊಟ್ಟೆ ಸಾಫಾಗುವುದಿಲ್ಲ, ತಲೆಶೂಲೆ ಬಿಡುವುದಿಲ್ಲ. ತವರಿನವರು ಬಂದಾಗಲೆಲ್ಲ ಎಲೆ ತರುತ್ತಿದ್ದರು. ಹುರಿಯುವವಳು ನಾನು. ತೊಳೆಸಿಕೊಂಡರೆ ಒಂದು ಚಿಟಿಕೆ ಎಂದು ಕರಾರು ಮಾಡಿಕೊಂಡೆ. ಅತ್ತೆ ತಟ್ಟನೆ ಬಾಯಿ ತೆರೆಯತೊಡಗಿದರು.

ಸ್ಕ್ರೂ ಹಾಕುವ ಮೊದಲೇ ಡಾಕ್ಟರು ಕೇಳಿದ್ದರು, "ತಂಬಾಕ ತಿಂತೀರೇನ್ರಿ ಅಜ್ಜಿ?"

"ಥೂ, ಆ ಹೊಲಸ ನಾ ಮುಟ್ಟೂದಿಲ್ಲವ್ವಾ" ಅಂದಿದ್ದರು ಅತ್ತೆ. ಅದು ಅವರ ಮಟ್ಟಿಗೆ ಖರೆಯೇ. ತಂಬಾಕು ತಿನ್ನುವವರು ಗಂಡಸರು, ಅವರು ಗೋಡೆಗೆ ಉಗುಳುತ್ತಾರೆ. ಮಿಶ್ರಿ ಹಲ್ಲು ತಿಕ್ಕುವ ಪುಡಿ. ನನಗೂ ಆಗ ಬೇರೆ ಅನ್ನಿಸಿರಲಿಲ್ಲ.

ಎರಡು ವರ್ಷಕ್ಕೆ ಬಲಗಡೆಯ ಸ್ಕ್ರೂ ಸುತ್ತ ರಕ್ತ ಕಂಡಿತು, ವಾಸನೆ ಬಂತು, ಒಂದು ದಿನ ಬ್ರಷ್ಷಿಗೆ ಸ್ಕ್ರೂ ಅಲುಗಿತು. ಗೋಕಾಕಕ್ಕೆ ಹೋದೆವು. ಡಾಕ್ಟರು ಅದನ್ನು ತೆಗೆದರು. "ಈ ಜಾಗಾದಾಗ ಎಲುಬ ಉಳಿದಿಲ್ರಿ, ಮತ್ತ ಹಾಕಾಕ ಬರೂದಿಲ್ಲ. ಇನ್ನೊಂದರ ಉಳಿಸ್ಕೊಳ್ಳೂಣು. ಅದೂ ಹೋದ್ರ ಸೆಟ್ ನಿಲ್ಲೂದಿಲ್ಲ." ಹೊರಗೆ ಕಾಯುವ ಬೆಂಚಿನ ಎದುರು ಗೋಡೆಗೆ, ತಂಬಾಕಿನಿಂದ ವಸಡು ಎಲುಬು ಕೆಡುತ್ತವೆ ಎಂದು ಬರೆದ ಚಿತ್ರಪಟವಿತ್ತು. ಬೀಡಿ, ಗುಟ್ಕಾ, ಅವುಗಳ ಪಕ್ಕದಲ್ಲಿ ಮಿಶ್ರಿಯ ಡಬ್ಬಿ. ನಾನು ಅದನ್ನು ಓದಿದೆ. ಓದಿ ಒಳಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಹುರಿದ ಕೈ ನನ್ನದೇ ಆಗಿತ್ತು.

ಮನೆಗೆ ಬಂದು ಮಿಶ್ರಿ ನಿಲ್ಲಿಸಿದೆ. ಅತ್ತೆ ಬಾಯಿ ಮುಚ್ಚಿದರು. ಒಂದು ದಿನ, ಎರಡು ದಿನ, ನಾಲ್ಕು ದಿನ. ಬ್ರಷ್ ಹತ್ತಿರ ತಂದರೆ ಕೈ ತಳ್ಳುತ್ತಿದ್ದರು. ತೊಳೆಯದೆ ಬಿಟ್ಟರೆ ಸ್ಕ್ರೂ ಹೋಗುತ್ತದೆ, ಮಿಶ್ರಿ ಕೊಟ್ಟರೂ ಹೋಗುತ್ತದೆ. ಐದನೆಯ ದಿನ ಹೆಂಚು ಒಲೆಯ ಮೇಲಿಟ್ಟೆ. ಸರಿ ತಪ್ಪು ಲೆಕ್ಕ ಹಾಕುವ ತ್ರಾಣ ನನ್ನಲ್ಲಿರಲಿಲ್ಲ. ಅದನ್ನೇ ಇವತ್ತಿಗೂ ನನಗೆ ಮಾಫಿ ಮಾಡಿಕೊಳ್ಳಲು ಆಗಿಲ್ಲ.

ಮೂರು ತಿಂಗಳ ನಂತರ ಮತ್ತೆ ಗೋಕಾಕ. ಬಸ್ಸಿನಲ್ಲಿ ಅತ್ತೆ ನನ್ನ ಭುಜಕ್ಕೆ ತಲೆಯಿಟ್ಟು ಮಲಗಿದರು, ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಅರ್ಧ ಗಂಟೆ ತೆವಳಿತು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. ಉಳಿದ ಸ್ಕ್ರೂವಿನ ಸುತ್ತಲೂ ಎಲುಬು ಇಳಿಯತೊಡಗಿತ್ತು.

"ಇಷ್ಟ ಸ್ವಚ್ಛ ಇಟ್ಟೀರಿ, ಆದ್ರೂ ಯಾಕ ಹಿಂಗ? ನಿಮ್ಮಂಗ ನೋಡ್ಕೊಳ್ಳು ಸೊಸಿನ್ನ ನಾ ನೋಡಿಲ್ರಿ" ಅಂದರು.

ಆ ಹೊಗಳಿಕೆ ನನ್ನಿಂದ ತಡೆಯಲಾಗಲಿಲ್ಲ. ಬೈದಿದ್ದರೆ ಸುಮ್ಮನಿರುತ್ತಿದ್ದೆನೇನೋ.

"ನಾ ದಿನಾ ಮಿಶ್ರಿ ಕೊಡ್ತೇನ್ರಿ" ಅಂದೆ. "ಬಾಯಿ ತೆಗೀಲಿ ಅಂತ. ನಾನ ಹುರೀತೇನಿ. ಹಿಂದಿನ ಸಲಾನೂ ಗೊತ್ತಿತ್ತು, ಹೇಳ್ಲಿಲ್ಲ. ನನಗ ಸಾಕಾಗೈತ್ರಿ."

ಡಾಕ್ಟರು ನನ್ನ ಮುಖ ನೋಡಿದರು. ಅವರು ಮಾತಾಡುವ ಮೊದಲೇ ಕುರ್ಚಿಯ ಮೇಲೆ ಮಲಗಿದ್ದ ಅತ್ತೆ ಎದ್ದು ಕೂತರು. ಸೆಟ್ಟು ಇರಲಿಲ್ಲ, ಮಾತು ಗಾಳಿಯಾಗಿ ಬರುತ್ತಿತ್ತು.

"ಆಕಿ ಸುಳ್ಳ ಹೇಳಾಕತ್ತಾಳ. ಆಕಿದೇನೂ ತಪ್ಪಿಲ್ಲ. ನಾನ ಕದ್ದ ತಿಕ್ಕೊಂತೇನಿ. ಬೈಯೂದಿದ್ರ ನನಗ ಬೈಯವ್ವಾ."

ಮೂವತ್ತು ವರ್ಷದಲ್ಲಿ ಮನೆಯಲ್ಲಿ ಆದ ಒಂದು ತಪ್ಪೂ ಅವರದಾಗಿರಲಿಲ್ಲ. ನಾನು ಸೆರಗು ಬಾಯಿಗಿಟ್ಟು ಅತ್ತುಬಿಟ್ಟೆ. ಡಾಕ್ಟರು ಯಾರಿಗೂ ಬೈಯಲಿಲ್ಲ. "ಇವತ್ತ ಮಿಶ್ರಿ ಬಿಟ್ರ ಇದು ಉಳಿಬಹುದು. ಖಾತ್ರಿ ಕೊಡೂದಿಲ್ಲ" ಎಂದಷ್ಟೇ ಹೇಳಿ ವಸಡು ಸ್ವಚ್ಛ ಮಾಡಿ ಕಳಿಸಿದರು.

ವಾಪಸು ಬರುವಾಗ ಅತ್ತೆ ಮಲಗಲಿಲ್ಲ. ಊರು ಹತ್ತಿರ ಬಂದಾಗ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು, "ನಾಳಿ ನಾ ಕೇಳ್ತೇನಿ. ಕೊಡಬ್ಯಾಡ. ಬೈತೇನಿ, ಆದ್ರೂ ಕೊಡಬ್ಯಾಡ. ನನಗ ರೊಟ್ಟಿ ಬೇಕು."

ಮರುದಿನ ಕೇಳಿದರು. ಕೊಡಲಿಲ್ಲ. ಬೈದರು. ನನ್ನನ್ನು, ನನ್ನ ತವರನ್ನು, ನನ್ನ ಅಡಿಗೆಯನ್ನು, ಗೋಕಾಕದ ಡಾಕ್ಟರನ್ನು ಒಂದೊಂದಾಗಿ ಹಿಡಿದು ಬೈದರು. ಬೈಯಲು ಬಾಯಿ ತೆರೆಯಲೇಬೇಕಲ್ಲ, ನಾನು ಆಗಲೇ ಬ್ರಷ್ ಒಳಗೆ ಹಾಕಿದೆ. ಅವರು ಕಚ್ಚಲಿಲ್ಲ, ತಳ್ಳಲೂ ಇಲ್ಲ. ಕಣ್ಣು ಮುಚ್ಚಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು. ಬುಡದ ಸುತ್ತ ಆಡಿಸಿ ಮುಗಿಸಿ, ಸ್ಕ್ರೂ ತಲೆಯ ಮೇಲೆ ಬೆರಳಿಟ್ಟು ನೋಡಿದೆ. ಅಲುಗಲಿಲ್ಲ.