ಇನ್ನೊಂದು ಫೋನಿನ ಹಾಡುಗಳು

ನನ್ನ ಗಂಡನ ಹೆಸರು ತ್ರಿವಿಕ್ರಮ. ಮೂರು ಹೆಜ್ಜೆಯಲ್ಲಿ ಲೋಕ ಅಳೆದವನ ಹೆಸರಿಟ್ಟುಕೊಂಡ ಈ ಮನುಷ್ಯನಿಗೆ ಸಂಜಯನಗರದ ನಮ್ಮ ಮನೆಯ ಹಾಲಿನಿಂದ ಬಾಲ್ಕನಿಗೆ ಹೋಗಲು ಅರ್ಧ ಗಂಟೆ ಬೇಕು. ನಡುವೆ ಎಲ್ಲೋ ಒಂದು ಹಾಡು ಕಿವಿಗೆ ಬಿದ್ದಿರುತ್ತದೆ, ಅಲ್ಲೇ ನಿಂತುಬಿಡುತ್ತಾರೆ. ಕೈಯಲ್ಲಿ ಕಾಫಿ ಲೋಟ ಇದ್ದರೆ ಅದು ತಣ್ಣಗಾಗುತ್ತದೆ. ಬಟ್ಟೆ ಒಣಹಾಕಲು ಕಳಿಸಿದ್ದರೆ ಬಟ್ಟೆ ಬಕೆಟ್ಟಿನಲ್ಲೇ ಮುದುಡಿ ಕೂತಿರುತ್ತದೆ. ಮದುವೆಯಾದ ಹೊಸತರಲ್ಲಿ, ಇವರು ಏನೋ ದೊಡ್ಡ ಯೋಚನೆಯಲ್ಲಿದ್ದಾರೆ ಎಂದುಕೊಂಡು ನಾನು ಮಾತಾಡಿಸದೆ ಸುಮ್ಮನಿರುತ್ತಿದ್ದೆ. ಆಮೇಲೆ ಗೊತ್ತಾಯಿತು, ಯೋಚನೆ ಗೀಚನೆ ಏನೂ ಇಲ್ಲ, ವೀಣೆ ಕೇಳುತ್ತಿರುತ್ತಾರೆ. ಅದೂ ಒಮ್ಮೊಮ್ಮೆ ಎಲ್ಲೂ ನುಡಿಯದೇ ಇರುವ ವೀಣೆ.

ಕೆಲಸ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ, ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವುದು. ಅಲ್ಲಿ ಇವರ ಗೆರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲವಂತೆ. ನಿವೃತ್ತರಾದ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದರು, ಹಾರ ತೆಗೆಯುವುದನ್ನೂ ಮರೆತು ವೀಣೆ ಹಾಕಿಕೊಂಡು ಕೂತರು. ಆವತ್ತಿನಿಂದ ಬೆಳಗ್ಗೆ ಅದೇ, ಸಂಜೆ ಅದೇ. ಜಗಳಕ್ಕೂ ಸಿಗದ ಗಂಡ. ನಾನು ಬೈದರೆ ಅದನ್ನೂ ತಲೆದೂಗಿಕೊಂಡು ಕೇಳುತ್ತಾರೆ.

ನಮ್ಮ ರಸ್ತೆಯ ಕೊನೆಗೆ ಒಂದು ಪಾರ್ಕು. ಅಲ್ಲಿ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಇವರಂಥದೇ ಹುಚ್ಚಿನ ನಾಲ್ಕೈದು ಜನ ಬೆಳಗ್ಗೆ ಸೇರುತ್ತಾರೆ. ಉಳಿದ ಬೆಂಚಿನವರು ಬಿಪಿ, ಮಂಡಿನೋವು ವಿಚಾರಿಸಿಕೊಂಡರೆ ಇವರದು ಒಂದೇ ಪ್ರಶ್ನೆ, ಈಗೀಗ ಏನು ಕೇಳುತ್ತಿದ್ದೀರಿ. ಗುರುಚರಣ್ ಎಂಬ ನಿವೃತ್ತ ಮೇಷ್ಟ್ರು ದಿನಕ್ಕೊಂದು ಹೊಸದು ತರುತ್ತಾರೆ. ಒಂದು ದಿನ ಪರ್ಷಿಯಾದ್ದು, ಇನ್ನೊಂದು ದಿನ ಯಾವುದೋ ದ್ವೀಪದ್ದು. ನಮ್ಮವರ ಸರದಿ ಬಂದಾಗ ಮಾತ್ರ ಎಲ್ಲರೂ ನಗುತ್ತಾರೆ.

"ತ್ರಿವಿಕ್ರಮ್ ಅವ್ರನ್ನ ಏನ್ ಕೇಳೋದು ಬಿಡ್ರೀ. ವೀಣೆ, ಅಲ್ವಾ ಸರ್?" ಎನ್ನುತ್ತಿದ್ದರಂತೆ ಗುರುಚರಣ್.

ಇವರೂ ನಕ್ಕು ಬರುತ್ತಿದ್ದರು. ಆದರೆ ಒಂದು ದಿನ ಚಪ್ಪಲಿ ಬಿಡುತ್ತಾ, "ನಂಗೂ ಬೇರೆ ಏನಾದ್ರೂ ಕೇಳೋಣ ಅನ್ಸುತ್ತೆ ಶುಭಾ. ಏನ್ ಹುಡುಕ್ಬೇಕು ಅಂತಾನೇ ಗೊತ್ತಾಗಲ್ಲ ಕಣೇ" ಎಂದರು. ಮುಖ ಸಣ್ಣದಾಗಿತ್ತು. ನನಗೆ ಪಾಪ ಅನ್ನಿಸಿತು. ಹಾಗಂತ ಹೇಳಲಿಲ್ಲ, ತಿಂಡಿ ಕೊಟ್ಟೆ.

ದೀಪಾವಳಿಗೆ ನಮ್ಮ ಮಗಳು ಸೌಜನ್ಯ ಇವರಿಗೆ ಹೊಸ ಫೋನು ತಂದುಕೊಟ್ಟಳು. ಅವಳು ಹೆಬ್ಬಾಳದ ಆಚೆ ಇರುತ್ತಾಳೆ. ಹಾಡು ಕೇಳುವ ಆ್ಯಪಿನಲ್ಲಿ ಇವರ ಹೆಸರಿನಲ್ಲಿ ಖಾತೆ ತೆರೆದುಕೊಟ್ಟವಳೂ ಅವಳೇ. ಹೊಸ ಫೋನಿನಲ್ಲೂ ಅದನ್ನೇ ಹಾಕಿಕೊಟ್ಟಳು. ಹಳೆಯ ಫೋನನ್ನು ಇವರು ಯಶವಂತಪುರದ ಮೆಟ್ರೋ ಹತ್ತಿರದ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಕೊಟ್ಟು ಬಂದರು. ಅಲ್ಲಿಗೆ ಅದರ ಕಥೆ ಮುಗಿಯಿತು ಎಂದುಕೊಂಡಿದ್ದೆವು.

ಸಂಕ್ರಾಂತಿಯ ಆಸುಪಾಸಿನಲ್ಲಿ ಇವರ ಹಾಡುಗಳು ಬದಲಾದವು. ಆ್ಯಪ್ ತೆರೆದ ಕೂಡಲೇ ಇತ್ತೀಚೆಗೆ ಕೇಳಿದ ಹಾಡುಗಳ ಚಿತ್ರಗಳು ಸಾಲಾಗಿ ಬರುತ್ತವಲ್ಲ, ಅಲ್ಲಿ ವೀಣೆಯ ಪಕ್ಕದಲ್ಲಿ ಏಕತಾರಿ ಹಿಡಿದ ಯಾರೋ ಸಾಧು ಕೂತಿದ್ದರು. ಅವರ ಪಕ್ಕದಲ್ಲಿ ಒಂದು ಭಜನಾ ಮೇಳ. ಅದರಾಚೆ ಹಳೆಯ ನಾಟಕ ಕಂಪನಿಯವರ ಪದಗಳು, ಒಂದು ಜೋಗುಳ. ಕೈ ತಪ್ಪಿ ಏನೋ ಒತ್ತಿರಬೇಕು ಎಂದುಕೊಂಡ ಇವರು ಏಕತಾರಿಯನ್ನು ಮುಟ್ಟಿದರು. ಮಧ್ಯಾಹ್ನದ ಹೊತ್ತು. ನಾನು ಒಳಗೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಒಂದೇ ತಂತಿ, ಒಂದೇ ಧ್ವನಿ, ಹಿಂದೆ ಎಲ್ಲೋ ಒಂದು ನಾಯಿ ಬೊಗಳಿದ್ದೂ ಅದರಲ್ಲಿ ಸೇರಿಕೊಂಡಿತ್ತು. ಬಯಲಿನಲ್ಲಿ ಕೂತು ಹಾಡಿದ್ದಿರಬೇಕು. ನಮ್ಮ ಮನೆಯ ನಾಲ್ಕು ಗೋಡೆ ಸ್ವಲ್ಪ ಹಿಂದೆ ಸರಿದು ಜಾಗ ಬಿಟ್ಟಂತಾಯಿತು. ನನಗೆ ಸಂಗೀತ ಅಷ್ಟಕ್ಕಷ್ಟೇ, ಆದರೂ ಕೈಯಲ್ಲಿ ಹಿಡಿದ ಸೊಪ್ಪಿನ ಕಂತೆ ಕೈಯಲ್ಲೇ ಉಳಿಯಿತು. ಹೊರಗೆ ಬಂದು ನೋಡಿದರೆ ಇವರು ಕಣ್ಣು ಮುಚ್ಚಿ ಕೂತಿದ್ದರು. ಬಾಲ್ಕನಿಯ ಬಿಸಿಲು ಅವರ ಪಾದದಿಂದ ಮಂಡಿಯವರೆಗೆ ಏರಿತ್ತು.

ಆಮೇಲೆ ದಿನವೂ ಅದೇ ಕೆಲಸ. ಬೆಳಗ್ಗೆ ತಮ್ಮ ವೀಣೆ, ಅದು ಮುಗಿದ ಮೇಲೆ ಆ ಸಾಲಿನಲ್ಲಿ ಹೊಸದೇನು ಬಂದಿದೆ ಎಂದು ನೋಡುವುದು. ಪಾರ್ಕಿನಲ್ಲಿ ಇವರ ಮರ್ಯಾದೆಯೇ ಬೇರೆಯಾಯಿತು. ಗುರುಚರಣ್ ಮೇಷ್ಟ್ರು ತಮ್ಮ ದ್ವೀಪಗಳನ್ನು ಬಿಟ್ಟು, "ಎಲ್ಲಿ ಹುಡುಕ್ತೀರ ಸರ್ ಇದನ್ನೆಲ್ಲ?" ಎಂದು ಕೇಳತೊಡಗಿದರು. ಇವರು ಮೀಸೆಯಲ್ಲೇ ನಕ್ಕು, "ಹೀಗೇ ಸಿಗುತ್ತೆ" ಎನ್ನುತ್ತಿದ್ದರು. ನಿಜವೇ. ಹೇಗೆ ಸಿಗುತ್ತಿತ್ತು ಎಂದು ಅವರಿಗೂ ಗೊತ್ತಿರಲಿಲ್ಲ.

ಗುಟ್ಟು ಬಯಲು ಮಾಡಿದವಳು ಸೌಜನ್ಯ. ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಅವಳು ಬಂದಿದ್ದಾಗ ವೀಣೆ ಅರ್ಧಕ್ಕೇ ನಿಂತಿತು. ಹೀಗೆ ಆಗಾಗ ನಿಲ್ಲುತ್ತೆ ಎಂದು ಇವರು ಫೋನು ಅವಳ ಕೈಗೆ ಕೊಟ್ಟರು.

"ಅಪ್ಪ, ನಿಮ್ಮ ಹಳೇ ಫೋನ್‌ನಲ್ಲಿ ಯಾರೋ ಹಾಡು ಕೇಳ್ತಿದಾರೆ. ಅಂಗಡಿಯವ್ನು ಬೇರೆಲ್ಲ ಅಳಿಸಿದಾನೆ, ಇದೊಂದು ಖಾತೆ ಹಾಗೇ ಉಳ್ಕೊಂಡಿದೆ. ಒಂದು ಸಲಕ್ಕೆ ಒಂದೇ ಫೋನ್‌ನಲ್ಲಿ ಹಾಡೋದು. ಅವ್ರು ಹಾಕಿದ್ರೆ ನಿಮ್ಮದು ನಿಲ್ಲುತ್ತೆ, ನೀವ್ ಹಾಕಿದ್ರೆ ಅವ್ರದ್ದು" ಎಂದಳು.

"ಹಾಗಾದ್ರೆ ಆ ಹಾಡುಗಳೆಲ್ಲ ಅವ್ರದ್ದಾ?" ಎಂದರು ಇವರು.

"ಅವ್ರದ್ದೇ. ಇರಿ, ಲಾಗೌಟ್ ಮಾಡ್ಬಿಡ್ತೀನಿ."

ಇವರು ಫೋನನ್ನು ಕಿತ್ತುಕೊಂಡೇಬಿಟ್ಟರು. ಆ ಕೈಗೆ ಅಷ್ಟು ಚುರುಕು ಇದೆ ಎಂದು ನನಗೆ ಆವತ್ತೇ ಗೊತ್ತಾಗಿದ್ದು. ಸೌಜನ್ಯ ನನ್ನ ಮುಖ ನೋಡಿದಳು. ನಾನು ಮಗಳ ಪಕ್ಷ. ಯಾರೋ ಏನೋ, ಗುರುತಿಲ್ಲ ಪರಿಚಯವಿಲ್ಲ, ನಮ್ಮ ಖಾತೆಯೊಳಗೆ ಕಾಲು ಚಾಚಿಕೊಂಡು ಕೂತಿದ್ದಾರೆ. ತೆಗೆಯಲೇಬೇಕು ಎಂದೆ. ಕೊನೆಗೆ ಒಂದು ವಾರದ ಗಡುವು ಸಿಕ್ಕಿತು. ಮುಂದಿನ ಭಾನುವಾರ ಬಂದು ತೆಗೆದುಹಾಕುವುದಾಗಿ ಹೇಳಿ ಅವಳು ಹೊರಟಳು.

ಆ ವಾರ ಇವರು ಮಧ್ಯಾಹ್ನದ ಹೊತ್ತು ಹಾಡು ಹಾಕುವುದನ್ನೇ ಬಿಟ್ಟರು. ಕೇಳಿದರೆ, "ಅವ್ರು ಕೇಳ್ತಿರ್ತಾರೆ, ನಾನ್ ಹಾಕಿದ್ರೆ ಅವ್ರದ್ದು ನಿಂತ್ಹೋಗುತ್ತಲ್ಲ" ಎಂದರು.

"ನಮ್ಮ ಹಾಡಿಗೆ ನಾವೇ ಕ್ಯೂ ನಿಲ್ಬೇಕಾ?" ಎಂದೆ. ಇವರು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಅದರ ಮುಖ ನೋಡುತ್ತಾ ಕೂತಿರುತ್ತಿದ್ದರು. ಅತ್ತ ಹಾಡು ಬದಲಾದರೆ ಇತ್ತ ಚಿತ್ರ ಬದಲಾಗುತ್ತಿತ್ತು. ಸದ್ದೇ ಇಲ್ಲ. ಎಲ್ಲೋ ಒಂದು ಮನೆಯಲ್ಲಿ ಏಕತಾರಿ ನುಡಿಯುತ್ತಿದೆ, ನಮ್ಮ ಮನೆಯಲ್ಲಿ ಅದರ ಚಿತ್ರವಷ್ಟೇ ಇದೆ. ಹೊರಗೆ ಹೊಂಗೆ ಹೂವು ರಸ್ತೆ ತುಂಬ ಉದುರಿತ್ತು. ಇವರ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ನಾನೂ ಪಕ್ಕದಲ್ಲಿ ಕೂತು ನೋಡಿದ್ದುಂಟು. ಏನು ನೋಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಆ ಮನುಷ್ಯ ಯಾರಿರಬಹುದು ಎಂಬುದೇ ನಮ್ಮಿಬ್ಬರ ಮಾತು. ಉತ್ತರ ಕರ್ನಾಟಕದ ಹುಡುಗ, ಹಾಸ್ಟೆಲ್ಲಿನಲ್ಲಿದ್ದಾನೆ, ಊರು ನೆನಪಾದಾಗ ಕೇಳುತ್ತಾನೆ ಎಂದು ಇವರು. ದಿನಾ ಊಟದ ಹೊತ್ತು ಮುಗಿದ ಮೇಲೆ ಜೋಗುಳ ಬರುತ್ತದಲ್ಲ, ಇದು ಎಳೆ ಬಾಣಂತಿಯೇ ಸೈ ಎಂದು ನಾನು. ಹೆಂಗಸು ಎಂದ ಕೂಡಲೇ ನನಗೆ ಒಂಚೂರು ಉರಿಯಿತು ಎಂಬುದನ್ನೂ ಬರೆದುಬಿಡುತ್ತೇನೆ. ಇಷ್ಟು ವರ್ಷದಲ್ಲಿ ನನ್ನ ಸೀರಿಯಲ್ಲಿಗೆ ಒಂದು ದಿನ ಹೀಗೆ ದಾರಿ ಬಿಟ್ಟವರಲ್ಲ ಇವರು.

ಶನಿವಾರ ಇವರು ಊಟ ಅರ್ಧಕ್ಕೇ ಬಿಟ್ಟರು. "ನಾಳೆ ಆದ್ಮೇಲೆ ಅವ್ರು ಏನ್ ಕೇಳ್ತಾರೆ ಅಂತ ನಂಗೆ ಗೊತ್ತಾಗೋದೇ ಇಲ್ಲ ಅಲ್ವಾ" ಎಂದರು. ಕೈ ತೊಳೆದು ಬಂದು, "ಹೇಳ್ದೆ ಕೇಳ್ದೆ ತೆಗೆಯೋದು ಸರಿಯಲ್ಲ ಶುಭಾ. ಒಂದು ಮಾತು ಹೇಳಿ ತೆಗೀಬೇಕು" ಎಂದರು. ಆ ಧ್ವನಿಗೆ ನಾನು ಇಲ್ಲವೆನ್ನಲಾಗಲಿಲ್ಲ.

ಭಾನುವಾರ ಬೆಳಗ್ಗೆ ಇಬ್ಬರೂ ಯಶವಂತಪುರಕ್ಕೆ ಹೋದೆವು. ಫೋನು ಕೊಂಡವರು ವಿಜಯಕುಮಾರ ಎಂದು ಅಂಗಡಿಯವನು ನೆನಪು ಮಾಡಿಕೊಂಡು, ತಾನೇ ಅವರಿಗೆ ಫೋನು ಮಾಡಿ ಇವರ ಕೈಗೆ ಕೊಟ್ಟ. ಹಳೆಯ ಫೋನಿನಲ್ಲಿ ನನ್ನದೇನೋ ಸ್ವಲ್ಪ ಉಳಿದಿದೆ, ನೋಡಿ ಹೋಗುತ್ತೇನೆ ಎಂದರು ಇವರು. ಅದು ತನ್ನ ತಂದೆಯ ಹತ್ತಿರ ಇದೆ, ಮನೆ ಜಾಲಹಳ್ಳಿ ಆಚೆಯ ಸಿಂಗಾಪುರ ಬಡಾವಣೆಯಲ್ಲಿ, ತಾನು ಶಿಫ್ಟಿನಲ್ಲಿದ್ದೇನೆ, ತಂದೆಗೆ ಹೇಳಿರುತ್ತೇನೆ, ಹೋಗಿ ಎಂದು ಆತ ವಿಳಾಸ ಕೊಟ್ಟ.

ತಂದೆ. ಹುಡುಗನೂ ಅಲ್ಲ, ಬಾಣಂತಿಯೂ ಅಲ್ಲ. ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತು, ಹೇಳಬೇಕಾದ ಮಾತನ್ನು ತುಟಿಯಲ್ಲೇ ಜೋಡಿಸಿಕೊಳ್ಳುತ್ತಿದ್ದರು.

ಮನೆ ಮೊದಲನೇ ಮಹಡಿ. ಮೆಟ್ಟಿಲಿನ ಮೇಲೆಯೇ ಇವರು ನಿಂತುಬಿಟ್ಟರು. ಎಂದಿನಂತೆ ನಿಂತರು ಎಂದು ನಾನು ಬೆನ್ನಿಗೆ ತಿವಿಯಲು ಹೊರಟೆ, ಆಮೇಲೆ ನನಗೂ ಕೇಳಿಸಿತು. ಒಳಗೆ ವೀಣೆ ನುಡಿಯುತ್ತಿತ್ತು. ಇವರದೇ ವೀಣೆ, ಬೆಳಗಿನದು.

ಬಾಗಿಲು ತೆರೆದೇ ಇತ್ತು. ಸೀರೆಯಲ್ಲಿ ಕಟ್ಟಿದ ಜೋಲಿಯಲ್ಲಿ ಮಗು, ಅದರ ಹಗ್ಗ ಹಿಡಿದು ತೂಗುತ್ತಾ ಬಿಳಿ ಪಂಚೆಯ ಒಬ್ಬ ಹಿರಿಯರು. ಸದ್ದು ಹೆಚ್ಚಲಿ ಎಂದು ಫೋನನ್ನು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸಿದ್ದರು.

"ಬರ್ರಿ, ಒಳಗ ಬರ್ರಿ. ಮಗ ಹೇಳ್ಯಾನ. ಕೂಸು ಈಗ ಮಕ್ಕೊಂಡೈತಿ, ಸಾವಕಾಶ ಮಾತಾಡೂಣು" ಎಂದರು. ಹೆಸರು ನಾಗಲಿಂಗಪ್ಪ, ಊರು ಗದಗಿನ ಕಡೆ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆಂದು ಮೊಮ್ಮಗುವನ್ನು ನೋಡಿಕೊಳ್ಳಲು ಬಂದವರು. ನಮಗೆ ಚಾಪೆ ಹಾಸಿ, ಫೋನಿನ ಕಡೆ ಕೈ ತೋರಿಸಿದರು. "ಇದು ಮೊದಲ ನಿಮ್ಮ ಕಡೆ ಇತ್ತಂತಲ್ರಿ. ಆವಾಗೂ ಹಿಂಗ ಇತ್ತೇನು? ತನ್ನಷ್ಟಕ್ಕ ತಾನ ಹಾಡ ಹುಡುಕಿ ತರೂದು?"

ಇವರು ಜೇಬಿನಿಂದ ತಮ್ಮ ಹೊಸ ಫೋನನ್ನು ಅರ್ಧ ತೆಗೆದು, ಮತ್ತೆ ಒಳಗಿಟ್ಟರು.

"ನಾ ನಮ್ಮ ಕಡೆ ಪದಾ ಕೇಳಾಂವ್ರಿ. ಬಾಯಿಲೆ ಹೇಳಿದ್ರ ಹುಡುಕಿ ಕೊಡತೈತಿ. ಆದ್ರ ಮರುದಿನ ನೋಡಿದ್ರ ಅದರ ಬಾಜೂಕ ವೀಣಿ ತಂದು ಇಟ್ಟಿರತೈತಿ. ನಾ ಏನ್ ವೀಣಿ ಕೇಳಿದಾಂವ ಅಲ್ಲ, ಮೊದಲ ಬ್ಯಾಸರ ಆಗಿತ್ತು. ಒಂದಿನಾ ಕೂಸು ಏನ್ ಮಾಡಿದ್ರೂ ಸುಮ್ನ ಆಗಲಿಲ್ಲ. ಇರಲಿ ಅಂತ ಅದನ್ನ ಹಚ್ಚಿದ್ನಿ. ಮಕ್ಕೊಂಡು ಬಿಡ್ತು. ಈಗ ನನಗೂ ಅದು ಇಲ್ದ ಬೆಳಕ ಹರ್ಯಂಗಿಲ್ಲ." ಅವರು ಹಗ್ಗ ಮೆಲ್ಲಗೆ ಎಳೆದರು. "ಒಮ್ಮೊಮ್ಮೆ ನಡುವ ನಿಲ್ಲತೈತಿ. ಏನೋ ಇಂಗ್ಲಿಷಿನ್ಯಾಗ ಬರೀತೈತಿ, ನನಗ ಓದಾಕ ಬರೂದಿಲ್ಲ. ಅದಕ್ಕೂ ದಣಿವು ಆಗತೈತಿ ಅಂತ ಬಿಟ್ಟುಬಿಡ್ತೇನಿ. ದಣಿವು ಆರಿಸಿಕೊಂಡು ಮತ್ತ ಹಾಡತೈತಿ."

ಇತ್ತ ಇವರು ವೀಣೆ ಹಾಕಿದಾಗ ಅತ್ತ ಅದು ದಣಿಯುತ್ತಿತ್ತು, ಇವರು ನಿಲ್ಲಿಸಿದಾಗ ದಣಿವು ಆರುತ್ತಿತ್ತು. ನನಗೆ ನಗು ಬಂತು, ಸೆರಗಿನಲ್ಲಿ ಮುಚ್ಚಿಕೊಂಡೆ. ಯಾಕೆಂದರೆ ಅವರ ಮಾತು ಮುಗಿದಿರಲಿಲ್ಲ.

"ಇಲ್ಲೆ ಮಾತಾಡಾಕ ಯಾರೂ ಇಲ್ರಿ. ಎಲ್ಲಾರ ಮನಿ ಬಾಗಲಾನೂ ಹಾಕಿರತಾವು. ಇದೊಂದ ನೋಡ್ರಿ, ನಾ ಏನ್ ಕೇಳತೇನಿ ಅಂತ ತಿಳಕೊಂಡು, ತಾನೂ ಒಂದು ತಂದು ಇದನ್ನೂ ಕೇಳು ಅಂತ ಕೊಡತೈತಿ. ಊರಾಗ ಗೆಳ್ಯಾರು ಹಂಗ ಮಾಡತಿದ್ರು."

ಇವರು ತಲೆ ತಗ್ಗಿಸಿ ಚಾಪೆಯ ಅಂಚನ್ನು ನೇವರಿಸುತ್ತಿದ್ದರು. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. ಇವರು ಹೇಳದಿದ್ದರೆ ನಾನೇ ಹೇಳಿಬಿಡುತ್ತೇನೆ ಎಂದುಕೊಂಡು ಬಂದಿದ್ದವಳು ನಾನು. ನನ್ನ ಕಣ್ಣೇ ಒದ್ದೆಯಾಗಿತ್ತು.

ಅಷ್ಟರಲ್ಲಿ ನನ್ನ ಫೋನು ಅದುರಿತು. ಸೌಜನ್ಯ. ಎದ್ದು ಬಾಗಿಲಾಚೆ ಬಂದೆ.

"ಅಮ್ಮ, ಎಲ್ಲಿದೀರಾ? ನಾನ್ ಮನೆ ಹತ್ರ ಬಂದಿದೀನಿ. ನೀವು ಬರೋಷ್ಟರಲ್ಲಿ ಅದನ್ನ ತೆಗೆದುಬಿಡ್ತೀನಿ, ನನ್ನ ಫೋನ್‌ನಿಂದ್ಲೇ ಆಗುತ್ತೆ."

"ಒಂದ್ನಿಮಿಷ ಇರು" ಎಂದೆ. ಒಳಗೆ ನಾಗಲಿಂಗಪ್ಪನವರು ಇವರ ಕಡೆ ಬಾಗಿ ಕೇಳುತ್ತಿದ್ದರು, "ನೀವೂ ಹಾಡ ಕೇಳೂ ಮಂದಿ ಕಾಣತೀರಿ. ಈಗೀಗ ಏನ್ ಕೇಳಾಕತ್ತೀರಿ?"

ಇವರು ತಲೆಯೆತ್ತಿದರು. "ನೀವ್ ಏನ್ ಕೇಳ್ತೀರೋ ಅದನ್ನೇ."

ನಾಗಲಿಂಗಪ್ಪನವರು ಇದನ್ನು ಉಪಚಾರದ ಮಾತೆಂದುಕೊಂಡು ನಕ್ಕರು. "ಹಂಗಾದ್ರ ಕುಂದರ್ರಿ, ಒಂದು ಪದ ಕೇಳಿ ಹೋಗ್ರಿ" ಎಂದು ಪಾತ್ರೆಯೊಳಗಿನ ಫೋನಿಗೆ ಕೈ ಹಾಕಿದರು. ಇವರು ಕಾಲು ಮಡಚಿ ಸರಿಯಾಗಿ ಕೂತು, ಕಣ್ಣು ಮುಚ್ಚಿಕೊಂಡರು.

"ಅಮ್ಮ, ತೆಗೀಲಾ?"

"ಬೇಡ. ಹಾಗೇ ಇರ್ಲಿ ಬಿಡು. ಅವ್ರು ನಿಮ್ಮಪ್ಪನ ಸ್ನೇಹಿತರು."

"ಅಪ್ಪಂಗೆ ಯಾವಾಗಮ್ಮ ಸ್ನೇಹಿತರಾದ್ರು ಅವ್ರು?"

"ಈಗ ಆಗ್ತಿದಾರೆ, ನೀನ್ ಫೋನ್ ಇಡು" ಎಂದೆ.